ಹೋಗುವ ರಕ್ತ, ಮರಳುವ ರಕ್ತ

೨೦೨೫ನೆಯ ಇಸವಿಯ ಮೇ ತಿಂಗಳ ಕೊನೆಯಿಂದ ಜುಲೈ ತಿಂಗಳ ಆರಂಭದವರೆಗೆ ಹಾಸನ ಜಿಲ್ಲೆಯನ್ನು ಒಂದು ಭೀತಿ ಆವರಿಸಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹೀಗೆ ಇಂದು ಒಂದು ಕಡೆ, ನಾಳೆ ಇನ್ನೊಂದು ಕಡೆ, ನಡುವಯಸ್ಸಿನವರೂ ತರುಣರೂ ಎದೆ ಹಿಡಿದುಕೊಂಡು ಕುಸಿದರೆಂಬ ವಾರ್ತೆಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂದವು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯದ ತಪಾಸಣೆಗೆಂದು ಬಂದವರ ನೂಕುನುಗ್ಗಲಾಯಿತು. ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಸಮಿತಿಯು ೨೪ ಮರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ ೨೦ ಹೃದಯಕ್ಕೆ ಸಂಬಂಧಿಸಿದವೆಂದೂ, ಉಳಿದವಕ್ಕೆ ಕಾರಣ ಬೇರೆಯೆಂದೂ, ಹಿಂದಿನ ಕಾಲಕ್ಕೆ ಹೋಲಿಸಿದರೆ ಅಸಾಮಾನ್ಯವಾದ ಏರಿಕೆ ಕಾಣಬರುವುದಿಲ್ಲವೆಂದೂ ವರದಿ ಮಾಡಿತು.

ಭೀತಿ ಇಳಿಯಿತು; ಆದರೆ ಅದು ಜನರ ಬಾಯಲ್ಲಿ ಕೆಲವು ಶಬ್ದಗಳನ್ನು ಉಳಿಸಿಹೋಯಿತು. ಇಸಿಜಿ, ಆಂಜಿಯೋಗ್ರಾಂ, ಸ್ಟೆಂಟ್, ಬ್ಲಾಕ್. ಈಗ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತವರಿಗೂ ಬ್ಲಾಕ್ ಎಂದರೇನೆಂದು ಗೊತ್ತು. ಇದು ಒಳ್ಳೆಯದೇ. ಆದರೆ ಈ ಮಾತುಗಳೆಲ್ಲ ಹೃದಯದಿಂದ ರಕ್ತವನ್ನು ಹೊತ್ತುಹೋಗುವ ಧಮನಿಗಳಿಗೆ ಸೇರಿದವು. ರಕ್ತವನ್ನು ಮರಳಿ ತರುವ ಸಿರೆಗಳ ವಿಷಯದಲ್ಲಿ ಯಾರೂ ಮಾತನಾಡಲಿಲ್ಲ. ಪಠ್ಯಪುಸ್ತಕಗಳಲ್ಲಿ ಅಪಧಮನಿ, ಅಭಿಧಮನಿ ಎಂದು ಕಾಣುವ ಜೋಡಿಯೇ ಇವು. ಮೊದಲನೆಯದಕ್ಕೆ ಸಿಕ್ಕ ಗೌರವ ಎರಡನೆಯದಕ್ಕೆ ಸಿಕ್ಕಿಲ್ಲವೆಂಬುದು ನಮ್ಮ ಆಕ್ಷೇಪಣೆ. ಇದನ್ನು ಕೇವಲ ಶಾಸ್ತ್ರಕ್ಕಾಗಿ ಎತ್ತುತ್ತಿಲ್ಲ. ಹೃದಯದ ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಸಿರೆಯ ದಾರಿ ಕಟ್ಟಿಕೊಳ್ಳುವುದೆಂಬ ಒಂದು ತೊಡಕು ಉಂಟು. ಅದನ್ನು ಹೊತ್ತಿಗೆ ಸರಿಯಾಗಿ ಗುರುತಿಸಿದರೆ ಒಂದೆರಡು ನಿಮಿಷದಲ್ಲಿ ಸರಿಪಡಿಸಬಹುದು. ಗುರುತಿಸದಿದ್ದರೆ, ಹೃದಯ ದುರಸ್ತಿಯಾಗಿಯೂ ಮಿದುಳು ಕೆಟ್ಟಿರಬಹುದು.

ಮೊದಲು ವಿದ್ಯಾರ್ಥಿಗಳು ತಮ್ಮ ಕೈಯ ಮೇಲೆಯೇ ಒಂದು ಪ್ರಯೋಗ ಮಾಡಿ ನೋಡಲಿ. ಮೊಣಕೈಗಿಂತ ಸ್ವಲ್ಪ ಮೇಲೆ ಒಂದು ಬಟ್ಟೆಯನ್ನು ಸಾಧಾರಣ ಬಿಗಿಯಾಗಿ ಕಟ್ಟಿ, ಮುಷ್ಟಿಯನ್ನು ಮುಚ್ಚಿ ತೆರೆಯಿರಿ. ಮುಂಗೈಯ ಸಿರೆಗಳು ಉಬ್ಬುವುವು. ಅಲ್ಲಲ್ಲಿ ಗಂಟಿನಂತೆ ಕವಾಟಗಳು ತೋರುವುವು. ಒಂದು ನಿಮಿಷವಾಗುವಷ್ಟರಲ್ಲಿ ಅಂಗೈ ಕಂದುತ್ತದೆ, ಭಾರವಾಗುತ್ತದೆ. ಆಗ ಇನ್ನೊಂದು ಕೈಯ ಬೆರಳುಗಳಿಂದ ಮಣಿಕಟ್ಟಿನ ನಾಡಿಯನ್ನು ಮುಟ್ಟಿ ನೋಡಿರಿ. ನಾಡಿ ಮೊದಲಿನಂತೆಯೇ ಬಡಿಯುತ್ತಿದೆ! ಬಟ್ಟೆಯ ಬಿಗಿ ಆಳದಲ್ಲಿರುವ ದಪ್ಪ ಗೋಡೆಯ ಧಮನಿಯನ್ನು ಮುಚ್ಚಲಾರದು. ತೆಳುವಾದ ಸಿರೆಗಳನ್ನು ಮುಚ್ಚಿದೆ. ಒಳಗೆ ಬರುವ ರಕ್ತ ಬರುತ್ತಲೇ ಇದೆ, ಹೊರಗೆ ಹೋಗುವುದಕ್ಕೆ ದಾರಿಯಿಲ್ಲ. (ಬಟ್ಟೆಯನ್ನು ಕೂಡಲೆ ಬಿಚ್ಚಬೇಕೆಂದು ಹೇಳುವುದು ನಮ್ಮ ಕರ್ತವ್ಯ.) ಆಂಗ್ಲ ವೈದ್ಯನಾದ ವಿಲಿಯಂ ಹಾರ್ವೆಯು ೧೬೨೮ರಲ್ಲಿ ರಕ್ತಪರಿಚಲನೆಯ ತನ್ನ ಸಿದ್ಧಾಂತವನ್ನು ಪ್ರಕಟಿಸಿದಾಗ, ಕಟ್ಟಿದ ಮುಂಗೈಯ ಚಿತ್ರಗಳನ್ನೇ ಸಾಕ್ಷಿಯಾಗಿ ಮುಂದಿಟ್ಟನು. ನಾಡಿಯನ್ನು ಮಾತ್ರ ಮುಟ್ಟಿ ನೋಡುವವನು ಈ ಕೈ ಆರೋಗ್ಯವಾಗಿದೆ ಎಂದುಬಿಡುವನು. ಅಂಗೈಯ ಬಣ್ಣವನ್ನು ನೋಡಿದವನಿಗೆ ಮಾತ್ರ ನಿಜಸ್ಥಿತಿ ತಿಳಿಯುವುದು. ಮುಂದೆ ಹೇಳುವುದನ್ನೆಲ್ಲ ಈ ಕೈಯನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಗೊರೂರಿನ ಅಣೆಕಟ್ಟಿನ ನೀರು ಕಾಣುವ ಗದ್ದೆಬಯಲಿನ ಮಕ್ಕಳಿಗೆ ಇದೇನೂ ಹೊಸ ವಿಷಯವಲ್ಲ. ಕಾಲುವೆಯಲ್ಲಿ ಹೇಮಾವತಿಯ ನೀರು ತುಂಬಿ ಹರಿಯುತ್ತಿದ್ದರೂ ಬಸಿಗಾಲುವೆ ಹೂಳು ತುಂಬಿ ಮುಚ್ಚಿದ್ದರೆ ಗದ್ದೆ ಜೌಗು ಹಿಡಿದು ಪೈರು ಹಳದಿಯಾಗುತ್ತದೆ. ಬೇರು ಕೊಳೆಯುವುದು ನೀರಿಲ್ಲದೆ ಅಲ್ಲ, ನಿಂತ ನೀರಿನಿಂದ.

ಇನ್ನು ಶಸ್ತ್ರಕ್ರಿಯೆಯ ಕೊಠಡಿಗೆ ಹೋಗೋಣ. ಬಡಿಯುತ್ತಿರುವ ಹೃದಯವನ್ನು ಬಿಚ್ಚಿ ಅದರ ಒಳಗೆ ಹೊಲಿಗೆ ಹಾಕುವುದು ಬಹುಕಾಲ ಅಸಾಧ್ಯವೆನಿಸಿತ್ತು. ಕೆಲಸ ಮುಗಿಯುವವರೆಗೆ ದೇಹಕ್ಕೆ ರಕ್ತವನ್ನು ಒದಗಿಸುವವರಾರು? ೧೯೩೦ರ ಸುಮಾರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಗಿಬ್ಬನ್ ಎಂಬ ತರುಣ ವೈದ್ಯನು, ಪುಪ್ಫುಸಕ್ಕೆ ಹೋಗುವ ನಾಳದಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡು ಸಾಯುತ್ತಿದ್ದ ಹೆಂಗಸೊಬ್ಬಳ ಬಳಿ ರಾತ್ರಿಯೆಲ್ಲ ಕುಳಿತಿದ್ದನು. ಆಕೆಯ ರಕ್ತ ಕಪ್ಪಾಗುತ್ತ, ಸಿರೆಗಳು ಉಬ್ಬುತ್ತ ಹೋದುದನ್ನು ಕಂಡಾಗ, ಈ ಉಬ್ಬಿದ ಸಿರೆಗಳಿಂದ ರಕ್ತವನ್ನು ಹೊರಕ್ಕೆ ತೆಗೆದು, ಅದಕ್ಕೆ ಆಮ್ಲಜನಕ ಬೆರೆಸಿ, ಧಮನಿಗೆ ಹಿಂದಿರುಗಿಸುವಂತಿದ್ದರೆ ಎಂಬ ಯೋಚನೆ ಅವನಿಗೆ ಹೊಳೆಯಿತು. ಎರಡು ದಶಕಗಳಿಗೂ ಮಿಕ್ಕ ಪರಿಶ್ರಮದ ಬಳಿಕ ೧೯೫೩ರ ಮೇ ೬ರಂದು ಫಿಲಡೆಲ್ಫಿಯಾದಲ್ಲಿ, ೧೮ ವರ್ಷದ ಹುಡುಗಿಯೊಬ್ಬಳ ಹೃತ್ಕರ್ಣಗಳ ನಡುವಣ ರಂಧ್ರವನ್ನು ಅವನು ಮುಚ್ಚಿದನು. ೨೬ ನಿಮಿಷಗಳ ಕಾಲ ಯಂತ್ರವೇ ಅವಳ ಹೃದಯವೂ ಪುಪ್ಫುಸವೂ ಆಗಿತ್ತು. ಹೃದಯ-ಪುಪ್ಫುಸ ಯಂತ್ರದ ಹುಟ್ಟು ಉಬ್ಬಿದ ಸಿರೆಯೊಂದನ್ನು ನೋಡಿದ ಕಣ್ಣಿನಲ್ಲಿ ಆಯಿತೆಂಬುದನ್ನು ಇಂದಿನವರು ಮರೆತಿರುವಂತೆ ತೋರುತ್ತದೆ.

ಅರಕಲಗೂಡಿನ ಕಡೆಯ ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಇಂಥದೇ ರಂಧ್ರವಿದೆಯೆಂದು ಭಾವಿಸೋಣ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಶಾಲೆಗೆ ಬಂದ ವೈದ್ಯರು ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟಾಗ ಒಂದು ಮರ್ಮರ ಶಬ್ದ ಕೇಳಿಸಿತು. ಮುಂದೆ ದೊಡ್ಡ ಆಸ್ಪತ್ರೆಯಲ್ಲಿ ರಂಧ್ರ ಖಚಿತವಾಯಿತು. ದೇಹದ ಮೇಲರ್ಧದ ರಕ್ತವೆಲ್ಲ, ಅಂದರೆ ತಲೆ, ಕೊರಳು, ಕೈಗಳದು, ಮೇಲಿನ ಮಹಾಸಿರೆಯ ಮೂಲಕ ಬಲ ಹೃತ್ಕರ್ಣಕ್ಕೆ ಬಂದು ಸೇರುತ್ತದೆ. ಕೆಳಗರ್ಧದ್ದು ಕೆಳಗಿನ ಮಹಾಸಿರೆಯ ಮೂಲಕ. ಶಸ್ತ್ರವೈದ್ಯನು ಎರಡು ಮಹಾಸಿರೆಗಳೊಳಕ್ಕೂ ಒಂದೊಂದು ಕೊಳವೆ ತೂರಿಸಿ, ಸಿರೆಯ ಸುತ್ತ ನಾಡದ ಕುಣಿಕೆ ಹಾಕಿ ಬಿಗಿಯುತ್ತಾನೆ. ಆಗ ರಕ್ತದ ಒಂದು ತೊಟ್ಟೂ ಹೃದಯಕ್ಕೆ ಹೋಗದೆ, ಮಂಚಕ್ಕಿಂತ ತಗ್ಗಿನಲ್ಲಿಟ್ಟಿರುವ ಸಂಗ್ರಹಪಾತ್ರೆಗೆ ತನ್ನ ಭಾರದಿಂದಲೇ ಇಳಿಯುತ್ತದೆ. ಯಂತ್ರವು ಅದಕ್ಕೆ ಆಮ್ಲಜನಕ ಕೊಟ್ಟು ಮಹಾಧಮನಿಗೆ ತಳ್ಳುತ್ತದೆ. ತಳ್ಳುವುದಕ್ಕೆ ಪಂಪು ಉಂಟು. ಮರಳಿ ಬರುವುದಕ್ಕೆ ಸಾಮಾನ್ಯವಾಗಿ ಇಳಿಜಾರೊಂದೇ ಗತಿ. ಈ ವ್ಯತ್ಯಾಸವೇ ಎಲ್ಲ ತೊಡಕಿಗೂ ಮೂಲ.

ಈ ಇಳಿಜಾರಿನ ದಾರಿ ಕಟ್ಟಿಕೊಳ್ಳಲು ಕಾರಣಗಳು ಹಲವು. ಕೊಳವೆ ತೀರ ಮೇಲಕ್ಕೆ ಹೋಗಿ ಅದರ ಬಾಯಿ ಸಿರೆಯ ಗೋಡೆಗೆ ಒತ್ತಿಕೊಂಡಿರಬಹುದು; ಪಕ್ಕದ ಕವಲಿನೊಳಕ್ಕೆ ಹೊಕ್ಕಿರಬಹುದು. ದೇಹದ ಗಾತ್ರಕ್ಕೆ ಕೊಳವೆ ಸಣ್ಣದಾಗಿರಬಹುದು. ಎಲ್ಲೋ ಒಂದು ಕಡೆ ಅದು ಮಡಿಸಿಕೊಂಡಿರಬಹುದು. ಹೃದಯದ ಹಿಂಬದಿಯನ್ನು ನೋಡಲು ಸಹಾಯಕನು ಅದನ್ನು ಎತ್ತಿ ಹಿಡಿದಾಗ ಮಹಾಸಿರೆ ತಿರುಚಿಕೊಳ್ಳುವುದುಂಟು. ಕೊಳವೆಯಲ್ಲಿ ಗಾಳಿಯ ಗುಳ್ಳೆ ಸೇರಿ ಹರಿವು ನಿಲ್ಲುವುದುಂಟು. ಇವೆಲ್ಲವೂ ಮನುಷ್ಯರ ಕೈಕೆಲಸಕ್ಕೆ ಸಂಬಂಧಿಸಿದವು. ಆದರೆ ಪ್ರಕೃತಿಯೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಗರ್ಭದಲ್ಲಿ ಎಲ್ಲರಿಗೂ ಎಡಗಡೆ ಇನ್ನೊಂದು ಮೇಲಿನ ಮಹಾಸಿರೆ ಇದ್ದು, ಹುಟ್ಟುವ ಮುನ್ನ ಅದು ಮಾಯವಾಗುತ್ತದೆ. ಸಾವಿರದಲ್ಲಿ ಮೂರರಿಂದ ಐದು ಮಂದಿಯಲ್ಲಿ ಅದು ಹಾಗೆಯೇ ಉಳಿಯುತ್ತದೆ; ಹುಟ್ಟಿನಿಂದ ಹೃದಯದೋಷವಿದ್ದವರಲ್ಲಿ ಇದು ಇನ್ನೂ ಹೆಚ್ಚು. ಅದರಿಂದ ಅವರಿಗೆ ಯಾವ ತೊಂದರೆಯೂ ಇರದು. ಆದರೆ ಎಡ ಬಲ ಸಿರೆಗಳನ್ನು ಕೂಡಿಸುವ ಅಡ್ಡನಾಳವು ಚಿಕ್ಕದಾಗಿದ್ದು, ಶಸ್ತ್ರಕ್ರಿಯೆಯ ಅನುಕೂಲಕ್ಕೆಂದು ಈ ಎಡಸಿರೆಯನ್ನು ಬಿಗಿದುಬಿಟ್ಟರೆ, ತಲೆಯ ಎಡಭಾಗದ ರಕ್ತಕ್ಕೆ ಹೊರದಾರಿ ಇಲ್ಲದಂತಾಗುತ್ತದೆ. ಆದಕಾರಣವೇ ಅನುಭವಸ್ಥರು ಮೊದಲು ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಮೇಲುಭಾಗದ ಒತ್ತಡ ಏರುವುದೋ ಇಲ್ಲವೋ ಎಂದು ನೋಡಿ ಆಮೇಲೆ ಮುಂದುವರಿಯುತ್ತಾರೆ.

ಈಗ ಒಂದು ಸಣ್ಣ ಲೆಕ್ಕ. ಮಿದುಳಿನಲ್ಲಿ ರಕ್ತ ಹರಿಯಬೇಕಾದರೆ ಒಳಬರುವ ಒತ್ತಡ ಹೊರಹೋಗುವ ಒತ್ತಡಕ್ಕಿಂತ ಹೆಚ್ಚಾಗಿರಬೇಕು. ಹರಿವನ್ನು ನಡೆಸುವುದು ಇವೆರಡರ ವ್ಯತ್ಯಾಸ. ಯಂತ್ರ ನಡೆಯುತ್ತಿರುವಾಗ ಧಮನಿಯ ಸರಾಸರಿ ಒತ್ತಡ ಪಾದರಸದ ೬೦ ಮಿಲಿಮೀಟರ್, ಮೇಲಿನ ಮಹಾಸಿರೆಯದು ೫ ಎಂದಿಟ್ಟುಕೊಂಡರೆ, ಮಿದುಳಿಗೆ ದಕ್ಕುವುದು ೫೫. ಸಿರೆಯ ಕೊಳವೆ ಕಟ್ಟಿಕೊಂಡು ಅಲ್ಲಿಯ ಒತ್ತಡ ೩೫ಕ್ಕೆ ಏರಿತೆನ್ನಿ. ಧಮನಿಯಲ್ಲಿ ಅದೇ ೬೦. ಮಿದುಳಿಗೆ ಉಳಿದದ್ದು ೨೫. ಮಾನಿಟರಿನಲ್ಲಿ ಎಲ್ಲರ ಕಣ್ಣೂ ನೆಟ್ಟಿರುವ ಕೆಂಪು ಅಂಕಿ ಒಂದಿಷ್ಟೂ ಕದಲಿಲ್ಲ. ಪಂಪು ನಿಮಿಷಕ್ಕೆ ಇಷ್ಟು ಲೀಟರ್ ತಳ್ಳುತ್ತಿದ್ದೇನೆಂದು ತೋರಿಸುತ್ತಲೇ ಇದೆ, ಅದೂ ಸುಳ್ಳಲ್ಲ. ರಕ್ತವು ತಲೆಯನ್ನು ಬಿಟ್ಟು ಅಡ್ಡಿಯಿಲ್ಲದ ದಾರಿ ಹಿಡಿದು ಹೊಟ್ಟೆಗೂ ಕಾಲಿಗೂ ಹೋಗುತ್ತಿದೆ, ಅಷ್ಟೆ. ನಾಡಿ ಬಡಿಯುತ್ತಿದ್ದು ಕಂದಿಹೋದ ಆ ಅಂಗೈಯನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು.

ಹಾಗಾದರೆ ಸಿರೆಯ ಒತ್ತಡವನ್ನೂ ಅಳೆಯಬಾರದೆ? ಅಳೆಯುತ್ತಾರೆ. ಕೊರಳಿನ ಸಿರೆಯಿಂದ ಒಂದು ತೆಳುವಾದ ನಳಿಕೆಯನ್ನು ಇಳಿಸಿ ಒತ್ತಡವನ್ನು ಓದುವುದು ಎಲ್ಲ ಕಡೆಯಲ್ಲೂ ಇರುವ ರೂಢಿ. ಆದರೆ ನಮಗೆ ಬಹಳ ಮುಖ್ಯವೆಂದು ತೋರುವ ಅಂಶ ಇಲ್ಲಿಯೇ ಇದೆ. ಆ ನಳಿಕೆಯ ತುದಿ ಎಲ್ಲಿದೆ? ಅದು ಕುಣಿಕೆಯನ್ನು ದಾಟಿ ಬರಿದಾದ ಹೃತ್ಕರ್ಣದೊಳಕ್ಕೆ ಇಳಿದಿದ್ದರೆ, ತಲೆಯಲ್ಲಿ ರಕ್ತ ಮಡುಗಟ್ಟಿ ನಿಂತಿರುವಾಗಲೂ ಅದು ತೋರಿಸುವ ಅಂಕಿ ಸೊನ್ನೆಗೆ ಹತ್ತಿರವೇ! ಕೆರೆ ತುಂಬಿ ಏರಿ ಒಡೆಯುವಂತಿರುವಾಗ ಏರಿಯ ಆಚೆಯ ಒಣಕಾಲುವೆಯಲ್ಲಿ ಅಳತೆಗೋಲು ನೆಟ್ಟಂತೆ. ಕುಣಿಕೆಗಿಂತ ಮೇಲೆ, ಕೊರಳಿನ ಕಡೆಯ ತೆರಪಿನಿಂದ ಓದಿದಾಗ ಮಾತ್ರ ನಿಜವಾದ ಒತ್ತಡ ತಿಳಿಯುತ್ತದೆ. ಒಂದೇ ಯಂತ್ರ, ಒಂದೇ ನಳಿಕೆ. ನಾಲ್ಕು ಬೆರಳು ಕೆಳಗೋ ಮೇಲೋ ಎಂಬುದರಲ್ಲಿ ಸತ್ಯ ಅಸತ್ಯಗಳು ಅದಲುಬದಲಾಗುತ್ತವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಳತೆಯ ಅಂಕಿಯನ್ನು ಬರೆದುಕೊಳ್ಳುವುದನ್ನು ಕಲಿಸುತ್ತೇವೆ. ಅಳತೆಯ ಸ್ಥಳವನ್ನು ಪ್ರಶ್ನಿಸುವುದನ್ನು ಕಲಿಸುತ್ತೇವೆಯೆ?

ಈ ತೊಡಕಿನ ಲಕ್ಷಣಗಳನ್ನು ಕಾಣಲು ಬಹಳ ಉಪಕರಣಗಳು ಬೇಕಿಲ್ಲ. ಮುಖ ಕೆಂಪೇರಿ ಊದಿಕೊಳ್ಳುತ್ತದೆ. ಕೊರಳ ಸಿರೆಗಳು ಹಗ್ಗದಂತೆ ಏಳುತ್ತವೆ. ರೆಪ್ಪೆಯನ್ನು ಬಿಡಿಸಿದರೆ ಕಣ್ಣಿನ ಬಿಳಿಯ ಮೇಲಿನ ಪೊರೆ ನೀರು ತುಂಬಿ ಉಬ್ಬಿರುತ್ತದೆ. ಎಳೆಯ ಕೂಸಾದರೆ ನೆತ್ತಿಯ ಮೆತುಭಾಗ ಬಿಗಿಯಾಗಿ ಮೇಲೇಳುತ್ತದೆ. ಆದರೆ ರೋಗಿಯ ಮುಖ ಆಗ ಬಟ್ಟೆಯ ಕೆಳಗಿರುತ್ತದೆ. ಶಸ್ತ್ರವೈದ್ಯನಿಗೆ ಕಾಣುವುದು ಎದೆಯ ಒಂದು ಕಿಟಕಿ ಮಾತ್ರ. ಅರಿವಳಿಕೆಯ ವೈದ್ಯನು ಆ ಬಟ್ಟೆಯನ್ನೆತ್ತಿ ಬಗ್ಗಿ ನೋಡಬೇಕು, ಒಂದು ಸಾರಿಯಲ್ಲ, ಕೊಳವೆಗಳನ್ನು ಬಿಗಿದಾಗಲೊಮ್ಮೆ, ಹೃದಯವನ್ನು ಎತ್ತಿ ಹೊರಳಿಸಿದಾಗಲೊಮ್ಮೆ.

ಇನ್ನೊಂದು ಲಕ್ಷಣ ಕೊಠಡಿಯ ಇನ್ನೊಂದು ಮೂಲೆಯಲ್ಲಿ, ಯಂತ್ರವನ್ನು ನಡೆಸುವ ಪರ್ಫ್ಯೂಷನಿಸ್ಟರ ಎದುರಿಗೆ ಕಾಣುತ್ತದೆ. ಸಂಗ್ರಹಪಾತ್ರೆಯ ರಕ್ತದ ಮಟ್ಟ ಇಳಿಯತೊಡಗುತ್ತದೆ. ಪ್ರಾಯದವರಲ್ಲಿ ಮರಳುವ ರಕ್ತದ ಸುಮಾರು ಮೂರನೆಯ ಒಂದು ಪಾಲು ಮಾತ್ರ ಮೇಲಿನ ಮಹಾಸಿರೆಯದು. ಆದ್ದರಿಂದ ಅದು ಪೂರ್ತಿ ಕಟ್ಟಿಕೊಂಡರೂ ಪಾತ್ರೆ ಒಮ್ಮೆಲೇ ಬರಿದಾಗದೆ ನಿಧಾನವಾಗಿ ಇಳಿಯುತ್ತದೆ. ಇಲ್ಲಿ ತಪ್ಪುಹೆಜ್ಜೆಗೆ ಅವಕಾಶವುಂಟು. ರಕ್ತದ ಪ್ರಮಾಣ ಸಾಲದೆಂದು ತಿಳಿದು ದ್ರವವನ್ನು ಸೇರಿಸಿದರೆ ಮಟ್ಟವೇನೋ ಏರಿ ಎಲ್ಲರಿಗೂ ಸಮಾಧಾನವಾಗುತ್ತದೆ. ಆ ಸಮಾಧಾನದಲ್ಲಿ ತಲೆಯ ಕಡೆಯ ಮಡು ಮತ್ತಷ್ಟು ಬೆಳೆಯುತ್ತದೆ. ಕೆಳಗಿನ ಮಹಾಸಿರೆ ಕಟ್ಟಿಕೊಂಡಾಗ ಪಾತ್ರೆಯ ಮಟ್ಟ ಇನ್ನೂ ಬೇಗ ಇಳಿಯುತ್ತದೆ, ಆದರೆ ಕೊರಳಿನ ನಳಿಕೆ ಅದನ್ನು ತೋರಿಸಲಾರದು. ಯಕೃತ್ತು ಬಿಗಿಯುವುದು, ಹೊಟ್ಟೆ ಉಬ್ಬುವುದು, ಮೂತ್ರ ಕಡಿಮೆಯಾಗುವುದು ಇವೇ ಅದರ ಸೂಚನೆಗಳು.

ಪರಿಹಾರ ಬಹುಮಟ್ಟಿಗೆ ಸುಲಭ. ಕೊಳವೆಯನ್ನು ಸ್ವಲ್ಪ ಹಿಂದಕ್ಕೆ ಎಳೆಯುವುದು, ಮಡಿಕೆಯನ್ನು ಬಿಡಿಸುವುದು, ಎತ್ತಿಹಿಡಿದ ಹೃದಯವನ್ನು ಕೆಳಗಿಳಿಸುವುದು, ಕುಣಿಕೆಯನ್ನು ಸಡಿಲಿಸುವುದು. ಇವುಗಳಿಗೆ ಬೇಕಾದದ್ದು ಕ್ಷಣಗಳು. ಬೆಚ್ಚಗಿನ ಮಿದುಳು ರಕ್ತವೇ ಇಲ್ಲದೆ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಕಾಲ ತಾಳಲಾರದು. ದೇಹವನ್ನು ತಂಪುಮಾಡಿದ್ದರೆ ಅವಧಿ ಕೊಂಚ ಹಿಗ್ಗೀತು. ಅರ್ಧ ಕಟ್ಟಿದ ಹರಿವಿನಲ್ಲಿ ಕೇಡು ಮೆಲ್ಲಗೆ ಬರುತ್ತದೆ, ಆದರೆ ಬರುತ್ತದೆ. ಅದು ಗೊತ್ತಾಗುವುದು ಮರುದಿನ, ಅರಿವಳಿಕೆ ಇಳಿದ ಮೇಲೂ ಹುಡುಗಿ ಕಣ್ಣು ತೆರೆಯದಿದ್ದಾಗ.

ಈಗ ನಮ್ಮ ಅಭಿಪ್ರಾಯಕ್ಕೆ ಬರುತ್ತೇವೆ. ಅವಕೆಂಪು ಬೆಳಕನ್ನು ಹಣೆಯ ಮೂಲಕ ಹಾಯಿಸಿ ಮಿದುಳಿನ ರಕ್ತದಲ್ಲಿರುವ ಆಮ್ಲಜನಕವನ್ನು ಅಂದಾಜು ಮಾಡುವ ಉಪಕರಣ ಈಗ ಬಳಕೆಯಲ್ಲಿದೆ. ೧೯೭೭ರಲ್ಲಿ ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ತತ್ತ್ವ ಅದು. ಆರಂಭದ ಅಂಕಿಗಿಂತ ನೂರಕ್ಕೆ ಇಪ್ಪತ್ತರಷ್ಟು ಇಳಿದರೆ ಎಚ್ಚರಿಕೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಉಪಕರಣ ಒಳ್ಳೆಯದು, ಆದರೆ ಹಣೆಗೆ ಅಂಟಿಸುವ ಪಟ್ಟಿಗೆ ಪ್ರತಿಸಾರಿಯೂ ಖರ್ಚುಂಟು. ಎಲ್ಲ ರೋಗಿಗಳಿಗೂ ಇದನ್ನು ಬಳಸುವುದರಿಂದ ಫಲ ಉತ್ತಮವಾಗುವುದೇ ಎಂಬ ವಿಷಯದಲ್ಲಿ ತಜ್ಞರಿಗೆ ಏಕಾಭಿಪ್ರಾಯವಿಲ್ಲ. ಇದು ಕೊಳ್ಳುವವರೆಗೆ ಕಾಯಬೇಕಾಗಿಲ್ಲವೆಂದು ನಾವು ಹೇಳುತ್ತೇವೆ. ಕುಣಿಕೆಗಿಂತ ಮೇಲಿನ ಒತ್ತಡವನ್ನು ಓದುವುದಕ್ಕೂ, ಬಟ್ಟೆಯನ್ನೆತ್ತಿ ಕಣ್ಣುಗಳನ್ನು ನೋಡುವುದಕ್ಕೂ ಹೊಸ ಯಂತ್ರ ಬೇಡ. ಧಮನಿಯ ಅಂಕಿಯ ಪಕ್ಕದಲ್ಲಿ ಸಿರೆಯ ಅಂಕಿಯನ್ನೂ ಅಷ್ಟೇ ದೊಡ್ಡದಾಗಿ ತೋರಿಸಿ, ಎರಡರ ವ್ಯತ್ಯಾಸವನ್ನು ಕಾಗದದ ಮೇಲೆ ಬರೆಯುವ ಪದ್ಧತಿ ಹೃದಯದ ಶಸ್ತ್ರಕ್ರಿಯೆ ನಡೆಯುವ ಎಲ್ಲ ಕೊಠಡಿಗಳಲ್ಲೂ ಇರತಕ್ಕದ್ದು.

ಅಷ್ಟು ಸಾಲದು. ಕಂಡವರು ಹೇಳಬೇಕು. ಮಟ್ಟ ಇಳಿಯುವುದನ್ನು ಮೊದಲು ಕಾಣುವವರು ಪರ್ಫ್ಯೂಷನಿಸ್ಟರು. ಮುಖವನ್ನು ಕಾಣುವವರು ಅರಿವಳಿಕೆಯವರು. ಕೊಳವೆ ಇರುವುದು ಶಸ್ತ್ರವೈದ್ಯರ ಕೈಯಲ್ಲಿ. ಮೂವರಲ್ಲಿ ಒಬ್ಬೊಬ್ಬರಿಗೂ ಗೊತ್ತಿರುವುದು ಸತ್ಯದ ಒಂದೊಂದು ತುಂಡು. ನಮ್ಮ ದೇಶದಲ್ಲಿ ಹಿರಿಯರು ಕೆಲಸದಲ್ಲಿ ಮಗ್ನರಾಗಿರುವಾಗ ಕಿರಿಯರು ನಡುವೆ ಬಾಯಿ ಹಾಕುವುದು ಅವಿನಯವೆಂದು ಎಣಿಕೆ. ಮನೆಯಲ್ಲಿ ಅದು ಸೊಗಸಾದೀತು, ಇಲ್ಲಿ ಒಲ್ಲದು. “ಮೇಲಿನಿಂದ ರಕ್ತ ಬರುತ್ತಿಲ್ಲ, ಸಾರ್” ಎಂದು ಗಟ್ಟಿಯಾಗಿ ಹೇಳುವ ತಂತ್ರಜ್ಞನ ಮೇಲೆ ಯಾರೂ ರೇಗಬಾರದು, ಅವನ ಮಾತು ಹತ್ತರಲ್ಲಿ ಒಂಬತ್ತು ಸಲ ಸುಳ್ಳು ಎಚ್ಚರಿಕೆಯಾದರೂ ಕೂಡ. ಪದೇ ಪದೇ ಇಂಥ ಕೂಗು ಎದ್ದರೆ ಹೊಲಿಗೆ ಹಾಕುವ ಕೈ ತಡವರಿಸದೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಒತ್ತಡದ ಮಾಪಕವನ್ನು ಒಂದು ಗೇಣು ತಗ್ಗಿನಲ್ಲಿಟ್ಟರೂ ಅಂಕಿ ಸುಮ್ಮನೆ ಏರುತ್ತದೆ. ದೀರ್ಘ ಶಸ್ತ್ರಕ್ರಿಯೆಯಲ್ಲಿ ಮುಖ ಸ್ವಲ್ಪ ಊದುವುದು ಬೇರೆ ಕಾರಣಗಳಿಂದಲೂ ಆಗುತ್ತದೆ. ಆದರೂ ಹೊಲಿಗೆಯನ್ನು ಅರ್ಧ ನಿಮಿಷ ತಡೆದರೆ ಆಗುವ ನಷ್ಟವನ್ನು ನಾಳೆ ಮತ್ತೆ ಗಳಿಸಿಕೊಳ್ಳಬಹುದೆಂಬುದು ನಮ್ಮ ಎಣಿಕೆ.

ಪರ್ಫ್ಯೂಷನಿಸ್ಟ್ ಎಂಬ ಕಸುಬನ್ನು ಕುರಿತು ಒಂದೆರಡು ಮಾತು ಸೇರಿಸುವುದು ಅಗತ್ಯ. ಹಾಸನದ ಭೀತಿಯ ದಿನಗಳಲ್ಲಿ ಹೃದ್ರೋಗ ತಜ್ಞರು ಬೇಕು, ಆಂಬುಲೆನ್ಸು ಬೇಕು ಎಂಬ ಕೂಗು ಕೇಳಿಬಂತು. ಮೂರು ನಾಲ್ಕು ಗಂಟೆಗಳ ಕಾಲ ಇನ್ನೊಬ್ಬರ ರಕ್ತಪರಿಚಲನೆಯನ್ನು ಕೈಯಲ್ಲಿ ಹಿಡಿದು ಕೂರುವ ಇವರ ಹೆಸರನ್ನು ಎತ್ತಿದವರು ಕಾಣಲಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಪರ್ಫ್ಯೂಷನ್ ತಂತ್ರಜ್ಞಾನದ ಬಿ.ಎಸ್‌ಸಿ. ಪದವಿಯುಂಟು; ಪಿಯುಸಿಯಲ್ಲಿ ಭೌತ, ರಸಾಯನ, ಜೀವ ವಿಜ್ಞಾನಗಳನ್ನು ಓದಿದವರು ಅದಕ್ಕೆ ಸೇರಬಹುದು. ಎಂ.ಬಿ.ಬಿ.ಎಸ್. ಸೀಟು ಸಿಗಲಿಲ್ಲವೆಂದು ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ಮುಖ ಬಾಡಿಸಿಕೊಂಡು ಕುಳಿತಿರುವ ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ಇದು ಗೊತ್ತು? ದ್ರವಗಳ ಒತ್ತಡ, ಇಳಿಜಾರು, ನಾಳದ ವ್ಯಾಸ ಇವುಗಳ ಪಾಠವನ್ನು ಪರೀಕ್ಷೆಗೆಂದು ಉರುಹೊಡೆದವರು, ಅದೇ ಪಾಠವನ್ನು ಒಂದು ಮಗುವಿನ ಕಣ್ಣಿನ ಪೊರೆಯಲ್ಲಿ ಓದಬೇಕಾದ ಕೆಲಸವಿದು.

ಶಸ್ತ್ರಕ್ರಿಯೆಗೆ ಮುಂಚೆ ವೈದ್ಯರು ತಂದೆತಾಯಿಗಳನ್ನು ಕೂರಿಸಿಕೊಂಡು ಒಪ್ಪಿಗೆಯ ಕಾಗದಕ್ಕೆ ಸಹಿ ಕೇಳುತ್ತಾರೆ. ಆಗ ಅವರ ಜೊತೆಯಲ್ಲಿ ಹೈಸ್ಕೂಲು ಓದುವ ಅಣ್ಣನೋ ಅಕ್ಕನೋ ಇರುವುದುಂಟು. “ಸ್ವಾಮಿ, ನಮ್ಮ ಹುಡುಗಿಗೆ ಎಡಗಡೆಯ ಸಿರೆ ಉಳಿದಿದೆಯೇ ಎಂದು ಎಕೋ ಪರೀಕ್ಷೆಯಲ್ಲಿ ನೋಡಿದ್ದೀರಾ? ಯಂತ್ರ ನಡೆಯುವಾಗ ತಲೆಯ ಕಡೆಯ ಒತ್ತಡವನ್ನು ಎಲ್ಲಿಂದ ಓದುತ್ತೀರಿ?” ಎಂದು ಅವರು ವಿನಯದಿಂದ ಕೇಳಬಹುದು. ಇದಕ್ಕೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸುತ್ತಾರೆ.